ಒಂದು ಡಾಲರ್ ಟಿಕೆಟ್ 200 ಡಾಲರ್ ಆಯಿತೇ? ಡಿಸ್ನಿ ಪಾರ್ಕ್ ಅಭಿಮಾನಿಗಳ ಲೆಕ್ಕಾಚಾರ

"1955ರಲ್ಲಿ ಡಿಸ್ನಿಲ್ಯಾಂಡ್ ಟಿಕೆಟ್ ಬೆಲೆ ಬರೀ 1 ಡಾಲರ್. ಈಗ 200 ಡಾಲರ್! ಆದರೂ ಜನ ಮುಗಿಬಿದ್ದು ಹೋಗ್ತಾರೆ. ಮೂರ್ಖರಿರುವ ತನಕ ಕಂಪನಿಗಳಿಗೆ ಹಬ್ಬ." ಹಳೆಯ ಟಿಕೆಟ್ಟಿನ ಫೋಟೋ ಜೊತೆಗೆ ಇಂಥ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕ್ಯಾಲಿಫೋರ್ನಿಯಾದಲ್ಲೋ ಫ್ಲೋರಿಡಾದಲ್ಲೋ ಇರುವ ಮಗ ಅಥವಾ ಮಗಳ ಮನೆಗೆ ಹೋಗಿ, ಮಿಕ್ಕಿ ಮೌಸ್ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಬಂದವರು ಈಗ ನಮ್ಮ ಬೀದಿಬೀದಿಯಲ್ಲೂ ಇದ್ದಾರೆ. ಹಾಗಾಗಿ ಇದು ಎಲ್ಲೋ ದೂರದ ಸುದ್ದಿ ಅಲ್ಲ.

ಈ ಫಾರ್ವರ್ಡ್‌ನಲ್ಲಿ ಎರಡು ಮಾತಿದೆ. ಒಂದು ಬೆಲೆಯ ಬಗ್ಗೆ, ಇನ್ನೊಂದು ಜನರ ಬುದ್ಧಿಯ ಬಗ್ಗೆ. ಮೊದಲನೆಯದು ಅರ್ಧ ನಿಜ. ಎರಡನೆಯದನ್ನು ನಾವು ಒಪ್ಪುವುದಿಲ್ಲ, ಯಾಕೆ ಎಂದು ಮುಂದೆ ನೋಡೋಣ.

ಆ ಒಂದು ಡಾಲರ್‌ಗೆ ಏನು ಸಿಗುತ್ತಿತ್ತು?

ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಶುರುವಾಗಿದ್ದು 1955ರ ಜುಲೈನಲ್ಲಿ. ದೊಡ್ಡವರಿಗೆ 1 ಡಾಲರ್, ಮಕ್ಕಳಿಗೆ 50 ಸೆಂಟ್ ಪ್ರವೇಶ ಶುಲ್ಕ ಇದ್ದದ್ದು ನಿಜ. ಆದರೆ ಅದು ಗೇಟ್ ದಾಟಲು ಮಾತ್ರ. ನಮ್ಮ ಎಕ್ಸಿಬಿಷನ್ ಮೈದಾನಗಳಲ್ಲಿ ಎಂಟ್ರಿ ಟಿಕೆಟ್ ಬೇರೆ, ಜೈಂಟ್ ವೀಲ್‌ಗೆ ಬೇರೆ ಇರುತ್ತದಲ್ಲ, ಥೇಟ್ ಹಾಗೆಯೇ. ಒಳಗಿನ ಪ್ರತಿ ಆಟಕ್ಕೂ ಪ್ರತ್ಯೇಕ ದುಡ್ಡು ಕೊಡಬೇಕಿತ್ತು. ಕೆಲವೇ ತಿಂಗಳಲ್ಲಿ ಪ್ರವೇಶ ಮತ್ತು ಎಂಟು ಆಟ ಸೇರಿದ ಕೂಪನ್ ಪುಸ್ತಕ ಬಂತು, ದೊಡ್ಡವರಿಗೆ 2.50 ಡಾಲರ್. ಒಂದೇ ಟಿಕೆಟ್ ಕೊಂಡು ದಿನವಿಡೀ ಎಷ್ಟು ಬೇಕಾದರೂ ಆಡಬಹುದು ಎಂಬ ಇಂದಿನ ಪದ್ಧತಿ ಬಂದಿದ್ದು 1980ರ ದಶಕದ ಆರಂಭದಲ್ಲಿ. 1982ರಲ್ಲಿ ಅಂಥ ಟಿಕೆಟ್ಟಿನ ಬೆಲೆ 12 ಡಾಲರ್.

ಇನ್ನು ಹಣದುಬ್ಬರ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ 1955ರ 2.50 ಡಾಲರ್ ಎಂದರೆ 2024ರ ಸುಮಾರು 29 ಡಾಲರ್. 1982ರ 12 ಡಾಲರ್ ಎಂದರೆ ಸುಮಾರು 39 ಡಾಲರ್. ಈಗಿನ ಬೆಲೆಯೂ ಒಂದೇ ಅಲ್ಲ. 2016ರಿಂದ ಡಿಸ್ನಿಲ್ಯಾಂಡ್ ದಿನಾಂಕ ನೋಡಿ ದರ ಹಾಕುತ್ತದೆ. 2024ರ ಅಕ್ಟೋಬರ್‌ನ ದರಪಟ್ಟಿಯಲ್ಲಿ ಜನ ಕಡಿಮೆ ಇರುವ ದಿನಕ್ಕೆ 104 ಡಾಲರ್, ಅತಿ ಬೇಡಿಕೆಯ ದಿನಕ್ಕೆ 206 ಡಾಲರ್ ಇತ್ತು. 200 ಡಾಲರ್ ಗಡಿ ದಾಟಿದ್ದು ಆಗಲೇ.

ಅಂದರೆ 1982ರ ದಿನವಿಡೀ ಟಿಕೆಟ್ಟಿಗೆ ಹೋಲಿಸಿದರೆ, ಹಣದುಬ್ಬರ ಕಳೆದ ಮೇಲೂ, ಬೆಲೆ ಎರಡೂವರೆಯಿಂದ ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚಿನ ತನಕ ಏರಿದೆ. ಇನ್ನೂರು ಪಟ್ಟು ಎನ್ನುವುದು ತಪ್ಪು ಲೆಕ್ಕ. ಹಾಗೆಂದು ಐದು ಪಟ್ಟು ಸಣ್ಣ ವಿಷಯ ಏನಲ್ಲ.

ಜನ ಕಡಿಮೆ, ಸಾಲು ಮಾತ್ರ ಉದ್ದ?

"ಈಗ ಅಲ್ಲಿ ಕಾಲಿಡಲು ಜಾಗ ಇಲ್ಲ, ದಾಖಲೆ ಜನ" ಎಂಬ ಮಾತೂ ಜೊತೆಗೆ ಓಡಾಡುತ್ತದೆ. ಡಿಸ್ನಿ ಕಂಪನಿ ಪ್ರತಿ ಪಾರ್ಕಿನ ಸಂದರ್ಶಕರ ಸಂಖ್ಯೆಯನ್ನು ಪ್ರಕಟಿಸುವುದಿಲ್ಲ. ಆದರೆ ಥೀಮ್ಡ್ ಎಂಟರ್‌ಟೇನ್‌ಮೆಂಟ್ ಅಸೋಸಿಯೇಷನ್ ಎಂಬ ಉದ್ಯಮ ಸಂಘ ಪ್ರತಿವರ್ಷ ಅಂದಾಜು ಕೊಡುತ್ತದೆ. ಅದರ ಪ್ರಕಾರ ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ 2019ರಲ್ಲಿ ಸುಮಾರು 2 ಕೋಟಿ 9 ಲಕ್ಷ ಜನ ಬಂದಿದ್ದರು, 2023ರಲ್ಲಿ ಸುಮಾರು 1 ಕೋಟಿ 77 ಲಕ್ಷ. ಡಿಸ್ನಿಲ್ಯಾಂಡ್‌ನಲ್ಲೂ ಕೊರೊನಾ ಮುಂಚಿನ ಸಂಖ್ಯೆಗಿಂತ ಇಳಿಕೆಯೇ ಆಗಿತ್ತು. ಹಾಗಾದರೆ ಅಭಿಮಾನಿಗಳು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಒಳಗೆ ಎಷ್ಟು ಜನ ಇದ್ದಾರೆ ಎನ್ನುವುದು ಒಂದು ಲೆಕ್ಕ, ನಾವು ಎಷ್ಟು ಹೊತ್ತು ನಿಂತೆವು ಎನ್ನುವುದು ಇನ್ನೊಂದು.

ಇದನ್ನು ತಿಳಿಯಲು ತಿರುಪತಿಯನ್ನು ನೆನಪಿಸಿಕೊಳ್ಳಿ. ಅಲ್ಲಿ ಸರ್ವದರ್ಶನದ ಸಾಲು ಬೇರೆ, 300 ರೂಪಾಯಿಯ ವಿಶೇಷ ಪ್ರವೇಶ ದರ್ಶನದ ಸಾಲು ಬೇರೆ. ಎರಡೂ ಕೊನೆಗೆ ಸೇರುವುದು ಅದೇ ಗರ್ಭಗುಡಿಯ ಮುಂದೆ. ಒಂದು ಸಾಲನ್ನು ಬೇಗ ಬಿಟ್ಟರೆ ಇನ್ನೊಂದು ನಿಲ್ಲಲೇಬೇಕು.

ಡಿಸ್ನಿ ಪಾರ್ಕುಗಳಲ್ಲಿ 1999ರಲ್ಲಿ ಶುರುವಾದ ಫಾಸ್ಟ್‌ಪಾಸ್ ಉಚಿತವಾಗಿತ್ತು. ಚೀಟಿ ತೆಗೆದುಕೊಂಡು ಬೇರೆ ಕಡೆ ಸುತ್ತಾಡಿ, ಹೇಳಿದ ಹೊತ್ತಿಗೆ ಬಂದರೆ ಚಿಕ್ಕ ಸಾಲು. 2021ರಲ್ಲಿ ಅದು ಹೋಗಿ ದುಡ್ಡಿನ ವ್ಯವಸ್ಥೆ ಬಂತು, ಮೊದಲಿಗೆ ಫ್ಲೋರಿಡಾದಲ್ಲಿ ದಿನಕ್ಕೆ ತಲಾ 15 ಡಾಲರ್, ಕ್ಯಾಲಿಫೋರ್ನಿಯಾದಲ್ಲಿ 20. ಹೆಸರು ಬದಲಾಗುತ್ತಾ ಈಗ ಅದು ಲೈಟ್ನಿಂಗ್ ಲೇನ್. 2024ರಲ್ಲಿ ಬಂದ ಅದರ ದುಬಾರಿ ಆವೃತ್ತಿ, ಪ್ರೀಮಿಯರ್ ಪಾಸ್, ಡಿಸ್ನಿಲ್ಯಾಂಡ್‌ನಲ್ಲಿ ದಿನಕ್ಕೆ ತಲಾ 400 ಡಾಲರ್‌ಗೆ ಶುರುವಾಯಿತು. ಪ್ರವೇಶ ಟಿಕೆಟ್ ಇದರ ಮೇಲೆ ಪ್ರತ್ಯೇಕ! ದುಡ್ಡಿದ್ದವನೇ ದೊಡ್ಡಪ್ಪ ಎನ್ನುವುದು ಸುಮ್ಮನೆ ಅಲ್ಲ.

ಸಾಲುಗಳ ಗಣಿತಕ್ಕೆ ಲಿಟಲ್ ನಿಯಮ ಎಂಬ ಹೆಸರಿದೆ, ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ್ದು. ಸರಳವಾಗಿ ಹೇಳುವುದಾದರೆ, ಸಾಲಿನಲ್ಲಿರುವ ಜನರನ್ನು ಗಂಟೆಗೆ ಎಷ್ಟು ಜನ ಮುಂದೆ ಹೋಗುತ್ತಾರೋ ಅದರಿಂದ ಭಾಗಿಸಿದರೆ ಕಾಯುವ ಸಮಯ ಸಿಗುತ್ತದೆ. ಒಂದು ಆಟ ಗಂಟೆಗೆ 1,800 ಜನರನ್ನು ಕೂರಿಸುತ್ತದೆ, ಸಾಲಿನಲ್ಲಿ 900 ಜನ ಇದ್ದಾರೆ ಎಂದುಕೊಳ್ಳಿ. ಕಾಯುವುದು ಅರ್ಧ ಗಂಟೆ. ಈಗ ಆ ಸೀಟುಗಳಲ್ಲಿ ನೂರಕ್ಕೆ 70ನ್ನು ದುಡ್ಡು ಕೊಟ್ಟ ಸಾಲಿಗೆ ಮೀಸಲಿಟ್ಟರು ಎನ್ನೋಣ (ಇದು ನಾವು ಉದಾಹರಣೆಗೆ ಹಿಡಿದ ಸಂಖ್ಯೆ). ಸಾಮಾನ್ಯ ಸಾಲಿಗೆ ಗಂಟೆಗೆ ಉಳಿಯುವುದು 540 ಸೀಟು. ಸಾಲಿನಲ್ಲಿ 900ರ ಬದಲು 600 ಜನ ಮಾತ್ರ ಇದ್ದರೂ ಕಾಯುವುದು ಒಂದು ಗಂಟೆಗೂ ಹೆಚ್ಚು. ಪಾರ್ಕಿನಲ್ಲಿ ಜನ ಕಡಿಮೆಯಾದರು, ಸಾಲು ಗಿಡ್ಡವಾಯಿತು, ಕಾಯುವುದು ಎರಡು ಪಟ್ಟು ಆಯಿತು. ಮೂರೂ ಏಕಕಾಲಕ್ಕೆ ನಿಜ.

ದರ ಏರಿಸಿದರೆ ಜನ ಕಡಿಮೆಯಾಗಿ ಎಲ್ಲರಿಗೂ ಹಿತವಾಗುತ್ತದೆ ಎಂಬ ವಾದ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ದುಬಾರಿ ದಿನ ಬಿಟ್ಟು ಅಗ್ಗದ ದಿನಕ್ಕೆ ಒಂದಿಷ್ಟು ಜನ ಹೋಗುತ್ತಾರೆ, ಅದು ಸರಿ. ಆದರೆ ಒಳಗೆ ಬಂದ ಮೇಲೆ ಸಮಯವನ್ನೂ ಮಾರಲು ಶುರು ಮಾಡಿದರೆ, ಕಾಯುವ ಭಾರ ಪೂರ್ತಿ ದುಡ್ಡಿಲ್ಲದವರ ಕಾಲಿಗೆ ಬೀಳುತ್ತದೆ.

ಆದರೂ ಯಾಕೆ ಹೋಗುತ್ತಾರೆ?

ಈಗ ಆ "ಮೂರ್ಖರು" ಎಂಬ ಮಾತಿಗೆ ಬರೋಣ. ನಮ್ಮ ನೆನಪು ಸಿಸಿಟಿವಿ ರೆಕಾರ್ಡಿಂಗ್ ಅಲ್ಲ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರವಾಸಕ್ಕೆ ಹೋದವರನ್ನು ಮೊದಲು, ಪ್ರವಾಸದ ನಡುವೆ ಮತ್ತು ಆಮೇಲೆ ಪ್ರಶ್ನಿಸಲಾಯಿತು. ನಡುವೆ ಬೇಸರ, ಕಿರಿಕಿರಿ ಹೇಳಿಕೊಂಡವರೂ ಆಮೇಲೆ ಅದನ್ನು ಹೆಚ್ಚು ಸಂತೋಷದ ಪ್ರವಾಸ ಎಂದೇ ನೆನಪಿಸಿಕೊಂಡರು. ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ತಣ್ಣೀರಿನಲ್ಲಿ ಕೈ ಇಡಿಸಿ ಮಾಡಿದ ಪ್ರಯೋಗವೂ ಪ್ರಸಿದ್ಧ. ಒಂದು ನಿಮಿಷದ ನೋವಿಗಿಂತ, ಅದೇ ನೋವಿನ ಕೊನೆಗೆ ಸ್ವಲ್ಪ ಕಡಿಮೆ ತಣ್ಣಗಿನ ಇನ್ನೂ ಅರ್ಧ ನಿಮಿಷ ಸೇರಿಸಿದ್ದನ್ನೇ ಹೆಚ್ಚಿನವರು ಮತ್ತೆ ಆರಿಸಿಕೊಂಡರು. ಒಟ್ಟು ಎಷ್ಟು ಹೊತ್ತು ಅನುಭವಿಸಿದೆವು ಎನ್ನುವುದಕ್ಕಿಂತ ಅತಿ ತೀವ್ರವಾದ ಕ್ಷಣ ಮತ್ತು ಕೊನೆ ಹೇಗಿತ್ತು ಎನ್ನುವುದೇ ಮನಸ್ಸಿನಲ್ಲಿ ಉಳಿಯುತ್ತದೆ. ಡಿಸ್ನಿ ಪಾರ್ಕಿನಲ್ಲಿ ದಿನ ಮುಗಿಯುವುದು ಹೇಗೆ? ರಾತ್ರಿಯ ಬಾಣಬಿರುಸಿನಿಂದ.

ನೆನಪು ಎಷ್ಟು ಮೆತ್ತಗಿನ ಮಣ್ಣು ಎಂದು ತೋರಿಸಿದ್ದೂ ಇದೇ ಪಾರ್ಕಿನ ಮೇಲಿನ ಸಂಶೋಧನೆ. 2002ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಸಹ ಸಂಶೋಧಕರು ಒಂದು ನಕಲಿ ಜಾಹೀರಾತು ತಯಾರಿಸಿದರು, ಡಿಸ್ನಿ ಪಾರ್ಕಿನಲ್ಲಿ ಬಗ್ಸ್ ಬನ್ನಿ ಎಂಬ ಮೊಲ ಮಕ್ಕಳ ಕೈ ಕುಲುಕುವಂತೆ. ಅದನ್ನು ಓದಿದವರಲ್ಲಿ ನೂರಕ್ಕೆ ಸುಮಾರು 16 ಮಂದಿ ತಾವೂ ಚಿಕ್ಕಂದಿನಲ್ಲಿ ಆ ಮೊಲವನ್ನು ಅಲ್ಲಿ ಭೇಟಿಯಾಗಿದ್ದೆವು ಎಂದರು. ಬಗ್ಸ್ ಬನ್ನಿ ವಾರ್ನರ್ ಬ್ರದರ್ಸ್ ಕಂಪನಿಯ ಪಾತ್ರ, ಡಿಸ್ನಿ ಪಾರ್ಕಿನಲ್ಲಿ ಕಾಣಿಸಿಕೊಳ್ಳಲು ಸಾಧ್ಯವೇ ಇಲ್ಲ.

ಇದರಿಂದ ಅಭಿಮಾನಿಗಳ ಪ್ರೀತಿ ಸುಳ್ಳು ಎಂದು ಹೇಳಲು ಬರುವುದಿಲ್ಲ. ಅಜ್ಜಿಮನೆಯ ಬೇಸಿಗೆ ರಜೆಯಲ್ಲಿ ಸೊಳ್ಳೆ ಕಾಟವೂ ಇತ್ತು, ಕರೆಂಟೂ ಹೋಗುತ್ತಿತ್ತು. ನಮಗೆ ನೆನಪಿರುವುದು ಮಾವಿನ ಹಣ್ಣು. ಅವರೂ ಅಷ್ಟೇ.

ಬೇರೆ ಒಂದು ಗಂಟು ಇದೆ, ಅದು ವಾರ್ಷಿಕ ಪಾಸ್. ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಟಕದ ಸೀಸನ್ ಟಿಕೆಟ್ಟನ್ನು ಪೂರ್ತಿ ಬೆಲೆಗೆ ಕೊಂಡವರು ರಿಯಾಯಿತಿ ಪಡೆದವರಿಗಿಂತ ಮೊದಲ ಅರ್ಧದಲ್ಲಿ ಹೆಚ್ಚು ನಾಟಕ ನೋಡಿದರು. ಕೊಟ್ಟ ಕಾಸು ದಂಡ ಆಗಬಾರದಲ್ಲ! ಪಾಸ್ ಇದ್ದವರು ಇಷ್ಟವಿಲ್ಲದ ದಿನವೂ ಹೋಗುವುದು, ಮುಂದಿನ ವರ್ಷ ಮತ್ತೆ ಕೊಳ್ಳುವುದು ಇದೇ ಸೆಳೆತದಿಂದ.

ನಿಷ್ಠೆಗೆ ಸಿಕ್ಕ ಉತ್ತರ

ಇಲ್ಲಿ ನಮ್ಮ ಸಹಾನುಭೂತಿ ಪೂರ್ತಿ ಅಭಿಮಾನಿಗಳ ಕಡೆಗೆ. 2021ರ ಜನವರಿಯಲ್ಲಿ ಡಿಸ್ನಿಲ್ಯಾಂಡ್ ಹಳೆಯ ವಾರ್ಷಿಕ ಪಾಸ್‌ಗಳನ್ನು ರದ್ದು ಮಾಡಿ, ಆಗಸ್ಟ್‌ನಲ್ಲಿ ಮ್ಯಾಜಿಕ್ ಕೀ ಎಂಬ ಹೊಸದನ್ನು ತಂದಿತು. ಅದರಲ್ಲಿ ಅತಿ ದುಬಾರಿಯದು 1,399 ಡಾಲರ್. ಪಾಸ್ ಇದ್ದರೂ ಹೋಗುವ ದಿನವನ್ನು ಮೊದಲೇ ಕಾದಿರಿಸಬೇಕಿತ್ತು, ಮತ್ತು ಟಿಕೆಟ್ ಕೊಳ್ಳುವವರಿಗೆ ಜಾಗ ಇದ್ದ ದಿನವೂ ಪಾಸ್‌ದಾರರಿಗೆ ಇಲ್ಲ ಎಂದು ದೂರು ಬಂತು. ವಿಷಯ ನ್ಯಾಯಾಲಯಕ್ಕೆ ಹೋಗಿ 2023ರಲ್ಲಿ 95 ಲಕ್ಷ ಡಾಲರ್‌ಗೆ ರಾಜಿಯಾಯಿತು. ಹಂಚಿದಾಗ ತಲೆಗೆ ಸುಮಾರು 67 ಡಾಲರ್. ಇನ್ನೊಂದು ಕಡೆ 2022ರ ಕಂಪನಿ ವರದಿಯಲ್ಲಿ, ಡಿಸ್ನಿಲ್ಯಾಂಡ್‌ಗೆ ಬರುವವರ ಮಿಶ್ರಣ ಅನುಕೂಲಕರವಾಗಿಲ್ಲ ಎಂಬರ್ಥದ ಮಾತಿತ್ತು. ಪದೇ ಪದೇ ಬಂದು ಕಡಿಮೆ ಖರ್ಚು ಮಾಡುವ ನಮ್ಮನ್ನೇ ಹೇಳಿದ್ದು ಎಂದುಕೊಂಡ ಪಾಸ್‌ದಾರರು ಆ ಪದವನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿಕೊಂಡು ಪಾರ್ಕಿಗೇ ಹೋದರು. ಕೋಪವೂ ಉಂಟು, ಬಿಡಲಾರದ ಪ್ರೀತಿಯೂ ಉಂಟು.

ಸಾಲದ ವಿಷಯ ಇಷ್ಟು ತಮಾಷೆಯದಲ್ಲ. ಲೆಂಡಿಂಗ್‌ಟ್ರೀ ಎಂಬ ಅಮೆರಿಕದ ಸಾಲ ಸೇವಾ ಕಂಪನಿ 2024ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಡಿಸ್ನಿಗೆ ಹೋಗಿಬಂದವರಲ್ಲಿ ಸುಮಾರು ಕಾಲು ಭಾಗ ಜನ ಸಾಲ ಮಾಡಿದ್ದಾಗಿ ಹೇಳಿದರು. 18 ವರ್ಷದೊಳಗಿನ ಮಕ್ಕಳಿರುವವರಲ್ಲಿ ಇದು ನೂರಕ್ಕೆ 45. ಸಾಲ ಮಾರುವ ಕಂಪನಿಯ ಸಮೀಕ್ಷೆ ಎಂಬುದು ನೆನಪಿರಲಿ. ಸಾಲ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿಷಾದ ಇಲ್ಲ ಎಂದೂ ಹೇಳಿದರು. ಮೇಲೆ ಹೇಳಿದ ನೆನಪಿನ ಸಂಶೋಧನೆ ಇಟ್ಟುಕೊಂಡು ನೋಡಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ಬಾಣಬಿರುಸು ನೆನಪಿರುತ್ತದೆ, ಕ್ರೆಡಿಟ್ ಕಾರ್ಡಿನ ಬಡ್ಡಿ ತಿಂಗಳು ತಿಂಗಳು ತಾನಾಗಿ ಕಟ್ಟಿಹೋಗುತ್ತಿರುತ್ತದೆ.

ಬುಕ್ ಮಾಡುವ ಮುನ್ನ

ಪಾಸ್ ಕೊಳ್ಳುವವರು ಪೆನ್ನು ಹಿಡಿದು ಕೂರಬೇಕು. 2024ರ ಅಕ್ಟೋಬರ್‌ನಲ್ಲಿ ಡಿಸ್ನಿಲ್ಯಾಂಡ್‌ನ ಅತಿ ದುಬಾರಿ ಪಾಸ್ 1,749 ಡಾಲರ್ ಆಗಿತ್ತು. ದಿನದ ಟಿಕೆಟ್ಟನ್ನು ಸರಾಸರಿ 150 ಡಾಲರ್ ಎಂದು ಹಿಡಿದರೆ ಹನ್ನೆರಡನೇ ಭೇಟಿಯಲ್ಲಿ ಮಾತ್ರ ಲಾಭ ಶುರು. ಕಳೆದ ವರ್ಷ ಎಷ್ಟು ಸಲ ಹೋಗಿದ್ದಿರಿ ಎಂದು ಫೋನಿನ ಗ್ಯಾಲರಿಯಲ್ಲಿ ಎಣಿಸಿ, ನೆನಪಿನಿಂದ ಹೇಳಬೇಡಿ. ಹಿಂದಿನ ವರ್ಷಗಳಲ್ಲಿ ಕೊಟ್ಟ ದುಡ್ಡನ್ನು ಲೆಕ್ಕಕ್ಕೆ ಸೇರಿಸಲೇಬೇಡಿ, ಅದು ಹೋಯಿತು.

ಬಿಡದಿಯ ವಂಡರ್‌ಲಾಕ್ಕೆ ಹೋಗುವವರಿಗೂ ಇದೇ ಗಣಿತ. ಅಲ್ಲೂ ವಾರದ ದಿನಕ್ಕೂ ವಾರಾಂತ್ಯಕ್ಕೂ ದರ ಬೇರೆ, ಬೇಗ ಹೋಗಲು ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬೇರೆ. ಮಂಗಳವಾರ ಒಂದು ದಿನ ಕೆಲಸಕ್ಕೆ ರಜೆ ಹಾಕುವುದು ಅಗ್ಗವೋ, ಭಾನುವಾರ ನಾಲ್ಕು ಜನಕ್ಕೆ ಫಾಸ್ಟ್‌ಟ್ರ್ಯಾಕ್ ಕೊಳ್ಳುವುದು ಅಗ್ಗವೋ ಎಂಬುದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು.

ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರ ವಿಷಯದಲ್ಲಿ ಇದು ಇನ್ನೂ ಸುಲಭ. ಸಂದರ್ಶಕರ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳ ತನಕ ಇರಲು ಬಿಡುತ್ತಾರೆ, ಅವರಿಗೆ ಆಫೀಸಿನ ರಜೆಯ ಗೊಡವೆಯೂ ಇಲ್ಲ. ಮಕ್ಕಳ ಶಾಲೆಯ ರಜೆ ಎಂದು ಕ್ರಿಸ್‌ಮಸ್ ವಾರದಲ್ಲೇ ಎಲ್ಲರೂ ಹೊರಟರೆ 200 ಡಾಲರ್ ಆಸುಪಾಸಿನ ದರ. ಅದೇ ಶಾಲೆ ನಡೆಯುವ ದಿನಗಳಲ್ಲಿ, ವಾರದ ನಡುವೆ, ಮಗನೋ ಮಗಳೋ ಒಂದು ದಿನ ರಜೆ ಹಾಕಿ ಕರೆದುಕೊಂಡು ಹೋದರೆ 104 ಡಾಲರ್ ಹತ್ತಿರದ ದಿನಗಳು ಸಿಗುತ್ತವೆ. ಮೊಮ್ಮಗುವಿಗೆ ಮೂರು ವರ್ಷ ತುಂಬಿಲ್ಲದಿದ್ದರೆ ಅದಕ್ಕೆ ಟಿಕೆಟ್ಟೇ ಬೇಡ.