ಕಡಲಾಳದ ತಣ್ಣೀರು

ಒಲೆಯ ಮೇಲೆ ಎಸರಿಟ್ಟವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಪಾತ್ರೆಯ ತಳದಲ್ಲಿ ಕಾದ ನೀರು ಹಗುರವಾಗಿ ಮೇಲಕ್ಕೇರುತ್ತದೆ. ಮೇಲಿನ ತಣ್ಣನೆಯ ನೀರು ಭಾರವಾದುದರಿಂದ ಕೆಳಕ್ಕಿಳಿಯುತ್ತದೆ. ಹೀಗೆ ಏರಿ ಇಳಿದು ಪಾತ್ರೆಯ ನೀರೆಲ್ಲ ಸುತ್ತು ಹೊಡೆಯುತ್ತದೆ. ಆದರೆ ಸಮುದ್ರವೆಂಬ ಮಹಾಪಾತ್ರೆಯ ಸ್ಥಿತಿ ಇದಕ್ಕೆ ತದ್ವಿರುದ್ಧವಾದುದು. ಅದರ ಒಲೆ ಇರುವುದು ಕೆಳಗಲ್ಲ, ಮೇಲೆ! ಸೂರ್ಯನ ಶಾಖವೆಲ್ಲ ಬೀಳುವುದು ನೀರಿನ ಮೇಲ್ಮೈಗೆ. ಕಾದ ನೀರು ಹಗುರವಾಗಿ ಮೇಲೆಯೇ ನಿಂತು, ಆಳದ ನೀರು ಕದಲದೆ ಕೊಳೆತು ಬಿದ್ದಿರಬೇಕಾಗಿತ್ತು. ಹಾಗಾಗಿಲ್ಲ. ಮೈಲಿಗಟ್ಟಲೆ ಆಳದಲ್ಲಿಯೂ ಸಮುದ್ರದ ನೀರು ಸಂಚರಿಸುತ್ತಲೇ ಇದೆ. ಅದನ್ನು ನಡೆಸುವ ಶಕ್ತಿ ಯಾವುದು?

ಈ ಪ್ರಶ್ನೆಗೆ ಮೊದಲ ಸುಳಿವು ದೊರೆತುದು ಹದಿನೆಂಟನೆಯ ಶತಮಾನದಲ್ಲಿ. ಹೆನ್ರಿ ಎಲ್ಲಿಸ್ ಎಂಬಾತ ಗುಲಾಮರನ್ನು ಸಾಗಿಸುತ್ತಿದ್ದ ಇಂಗ್ಲಿಷ್ ಹಡಗೊಂದರ ಕಪ್ತಾನ. ಸ್ಟೀಫನ್ ಹೇಲ್ಸ್ ಎಂಬ ವಿಜ್ಞಾನಿ ಆತನಿಗೊಂದು ವಿಶೇಷ ಬಕೀಟನ್ನು ಒದಗಿಸಿದ್ದ. ಇಳಿಯುವಾಗ ನೀರು ಹಾದುಹೋಗುವಂತೆಯೂ, ಮೇಲೆತ್ತುವಾಗ ಮುಚ್ಚಿಕೊಳ್ಳುವಂತೆಯೂ ಅದಕ್ಕೆ ಕವಾಟಗಳಿದ್ದವು, ಒಳಗೊಂದು ಉಷ್ಣಮಾಪಕವಿತ್ತು. ಅಟ್ಲಾಂಟಿಕ್ ಸಾಗರದಲ್ಲಿ, ಉತ್ತರ ಅಕ್ಷಾಂಶ 25 ಡಿಗ್ರಿಯ ಸುಮಾರಿನಲ್ಲಿ, ಎಲ್ಲಿಸ್ ಅದನ್ನು 5,346 ಅಡಿಗಳವರೆಗೆ ಇಳಿಬಿಟ್ಟ. ಮೇಲಿನ ನೀರಿನ ಉಷ್ಣತೆ 84 ಡಿಗ್ರಿ ಫ್ಯಾರನ್‌ಹೀಟ್. ಆಳದಿಂದ ಬಂದುದು 53 ಡಿಗ್ರಿ. ಹಡಗಿನವರು ಆ ತಣ್ಣೀರಿನಿಂದ ಸ್ನಾನ ಮಾಡಿದರು. ಕುಡಿಯುವ ನೀರನ್ನೂ ದ್ರಾಕ್ಷಾರಸವನ್ನೂ ತಂಪು ಮಾಡಿಕೊಂಡರು. ಈ ವೃತ್ತಾಂತ 1751ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಬಿಸಿಲಿನ ನಾಡಿನ ಕಡಲಿನೊಳಗೆ ಈ ತಂಪು ಎಲ್ಲಿಂದ ಬಂದಿತೆಂಬುದು ಮಾತ್ರ ಆತನಿಗೆ ಹೊಳೆಯಲಿಲ್ಲ.

ಹೊಳೆದದ್ದು ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿಗೆ, ಆ ಶತಮಾನದ ಕೊನೆಯ ವರ್ಷಗಳಲ್ಲಿ. ಧ್ರುವಪ್ರದೇಶಗಳಲ್ಲಿ ತಣಿದ ನೀರು ಮುಳುಗಿ, ತಳದಗುಂಟ ಸಮಭಾಜಕ ವೃತ್ತದ ಕಡೆಗೆ ಹರಿದು ಬರುತ್ತಿರಬೇಕು. ಅದರ ಸ್ಥಾನವನ್ನು ತುಂಬಲು ಮೇಲಿನ ಬೆಚ್ಚನೆಯ ನೀರು ಧ್ರುವಗಳತ್ತ ಸಾಗುತ್ತಿರಬೇಕು ಎಂದು ಆತ ತರ್ಕಿಸಿದ. ಆ ತರ್ಕದ ಕೀಲಿಕೈ ಇದ್ದುದು ಸಿಹಿನೀರಿಗೂ ಉಪ್ಪುನೀರಿಗೂ ಇರುವ ಒಂದು ವ್ಯತ್ಯಾಸದಲ್ಲಿ.

ಬಹುಮಟ್ಟಿನ ದ್ರವಗಳು ತಣಿದಷ್ಟೂ ಕುಗ್ಗಿ ಭಾರವಾಗುತ್ತವೆ. ಸಿಹಿನೀರು ಹಾಗಲ್ಲ. 4 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುಗ್ಗಿ, ಅಲ್ಲಿಂದಾಚೆಗೆ ಹಿಗ್ಗತೊಡಗುತ್ತದೆ. ಆದುದರಿಂದ ಚಳಿನಾಡಿನ ಸರೋವರಗಳಲ್ಲಿ 4 ಡಿಗ್ರಿಯ ನೀರು ತಳ ಸೇರುತ್ತದೆ. ಅದಕ್ಕಿಂತ ತಣ್ಣನೆಯದು ಮೇಲೆಯೇ ತೇಲಿ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯ ಚಾವಣಿಯಡಿಯಲ್ಲಿ ಮೀನುಗಳು ಚಳಿಗಾಲವನ್ನು ಕಳೆಯುವುದು ಈ ಗುಣದಿಂದಲೇ.

ಸಮುದ್ರದ ನೀರಿನಲ್ಲಾದರೋ ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಇಷ್ಟು ಉಪ್ಪು ಬೆರೆತೊಡನೆ ಆ 4 ಡಿಗ್ರಿಯ ಎಲ್ಲೆ ಅಳಿಸಿಹೋಗುತ್ತದೆ. ಸೊನ್ನೆಗಿಂತ ಕೆಳಗೆ ಸುಮಾರು 1.9 ಡಿಗ್ರಿಯಲ್ಲಿ ಹೆಪ್ಪುಗಟ್ಟುವವರೆಗೂ ಅದು ಭಾರವಾಗುತ್ತಲೇ ಹೋಗುತ್ತದೆ. ಹೆಪ್ಪುಗಟ್ಟುವಾಗಲೂ ಲವಣದ ಬಹುಭಾಗವನ್ನು ಹೊರಗೆ ತಳ್ಳಿಬಿಡುವುದರಿಂದ ಗಡ್ಡೆಯ ಕೆಳಗಿನ ನೀರು ಮತ್ತಷ್ಟು ಭಾರವಾಗುತ್ತದೆ. ಅಂಟಾರ್ಕ್ಟಿಕದ ವೆಡೆಲ್ ಸಮುದ್ರದಲ್ಲಿ ಹೀಗೆ ಹುಟ್ಟಿದ ನೀರು ಸಾಗರತಳದಲ್ಲಿ ಬಹುದೂರ ಹರಡಿಕೊಂಡಿದೆ.

ಇನ್ನೊಂದು ತವರು ಉತ್ತರ ಅಟ್ಲಾಂಟಿಕ್. ಶಾಖವನ್ನು ಹಿಡಿದಿಡುವುದರಲ್ಲಿ ನೀರಿಗೆ ಗಾಳಿ ಸಮವಲ್ಲ. ಸಾಗರಗಳ ಮೇಲಿನ ಮೂರು ಮೀಟರ್ ನೀರು ಹಿಡಿಯುವ ಶಾಖವನ್ನು ಹಿಡಿಯಲು ಭೂಮಿಯ ವಾಯುಮಂಡಲವೆಲ್ಲ ಬೇಕಾಗುತ್ತದೆ. ಉಷ್ಣವಲಯದಲ್ಲಿ ಕಾದು, ಆವಿಯಾಗಿ, ಉಪ್ಪು ಮಿಕ್ಕಿದ ನೀರು ಉತ್ತರಕ್ಕೆ ಹರಿದು, ತನ್ನ ಶಾಖವನ್ನು ಗಾಳಿಗೆ ಕೊಟ್ಟು ಯೂರೋಪಿನ ಚಳಿಯನ್ನು ತಗ್ಗಿಸುತ್ತದೆ. ಹಾಗೆ ತಣಿದ ನೀರು ಗ್ರೀನ್‌ಲೆಂಡಿನ ಇಕ್ಕೆಲಗಳ ಕಡಲುಗಳಲ್ಲಿ ಮುಳುಗುತ್ತದೆ. ಮುಳುಗುವಾಗ ಅದು ಗಾಳಿಯಿಂದ ಪಡೆದ ಆಮ್ಲಜನಕವನ್ನೂ ಒಯ್ಯುತ್ತದೆ. ಬೆಳಕೇ ಇಲ್ಲದ ಆಳದಲ್ಲಿ ಜೀವಿಗಳು ಉಸಿರಾಡುವುದು ಇದರ ಬಲದಿಂದ. ಮತ್ತೆ ಅದನ್ನು ಮೇಲಕ್ಕೆ ತರುವುದು ಅಂಟಾರ್ಕ್ಟಿಕದ ಸುತ್ತ ಬೀಸುವ ಬಿರುಗಾಳಿ ಮತ್ತು ಉಬ್ಬರವಿಳಿತಗಳ ಕಲಕಾಟ. ಒಂದು ಸುತ್ತು ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಸಾವಿರ ವರ್ಷಗಳೇ ಕಳೆದಿರುತ್ತವೆ.

ಅಷ್ಟೇ ಚಳಿಯಿರುವ ಉತ್ತರ ಪೆಸಿಫಿಕ್ಕಿನಲ್ಲಿ ನೀರು ಹೀಗೆ ಆಳಕ್ಕೆ ಮುಳುಗುವುದಿಲ್ಲ. ಕಾರಣ, ಅಲ್ಲಿನ ಮೇಲ್ನೀರಿಗೆ ಉಪ್ಪು ಸಾಲದು.

ಉಪ್ಪು ಕಡಿಮೆಯಾದ ನೀರು ಎಂತಹ ಮುಚ್ಚಳವಾಗಬಲ್ಲುದೆಂಬುದಕ್ಕೆ ದೂರ ಹೋಗಬೇಕಾದುದಿಲ್ಲ. ಕನ್ನಡ ಕರಾವಳಿಯನ್ನು ತೊಳೆಯುವ ಅರಬ್ಬೀ ಸಮುದ್ರದಲ್ಲಿ ಆವಿಯಾಗಿ ಹೋಗುವ ನೀರೇ ಹೆಚ್ಚು. ಅದರ ಬಹುಭಾಗದಲ್ಲಿ ಲವಣ ಕಿಲೋಗ್ರಾಮಿಗೆ 36 ಗ್ರಾಮಿನ ಆಸುಪಾಸು. ಬಂಗಾಳ ಕೊಲ್ಲಿಗಾದರೋ ಗಂಗೆ, ಬ್ರಹ್ಮಪುತ್ರೆ, ಐರಾವತಿ, ಮಹಾನದಿ, ಗೋದಾವರಿಗಳು ಬಂದು ಸೇರುತ್ತವೆ. ಮಳೆಗಾಲದ ಕೊನೆಗೆ ಅದರ ಉತ್ತರ ಭಾಗದಲ್ಲಿ ಲವಣ 30 ಗ್ರಾಮಿಗಿಂತಲೂ ಕೆಳಗಿಳಿಯುವುದುಂಟು. ಈ ಹಗುರವಾದ ಪದರ ಕೆಳಗಿನ ತಣ್ಣೀರಿನೊಡನೆ ಸುಲಭವಾಗಿ ಬೆರೆಯದೆ, ಬಿಸಿಯಾಗಿಯೇ ಉಳಿದು, ಚಂಡಮಾರುತಗಳಿಗೆ ಪುಷ್ಟಿ ಕೊಡುತ್ತದೆ.

ಇಂತಹ ಮುಚ್ಚಳ ಉತ್ತರ ಅಟ್ಲಾಂಟಿಕ್ಕಿನ ಮೇಲೆ ಬಿದ್ದರೇನು ಗತಿ? 1961ರಲ್ಲಿ ಅಮೆರಿಕದ ಸಾಗರವಿಜ್ಞಾನಿ ಹೆನ್ರಿ ಸ್ಟೊಮ್ಮೆಲ್, ಕೊಳವೆಯಿಂದ ಕೂಡಿಸಿದ ಎರಡು ತೊಟ್ಟಿಗಳ ಸರಳ ಲೆಕ್ಕವೊಂದನ್ನು ಮುಂದಿಟ್ಟ. ಶಾಖವೂ ಉಪ್ಪೂ ಒಂದನ್ನೊಂದು ಎದುರಿಸುವಲ್ಲಿ ಪ್ರವಾಹಕ್ಕೆ ಒಂದಲ್ಲ, ಎರಡು ಸ್ಥಿರ ಸ್ಥಿತಿಗಳು ಸಾಧ್ಯವೆಂದೂ, ಸಿಹಿನೀರು ಒಂದು ಮಿತಿಯನ್ನು ಮೀರಿದರೆ ಒಂದರಿಂದ ಇನ್ನೊಂದಕ್ಕೆ ಥಟ್ಟನೆ ಹೊರಳಬಹುದೆಂದೂ ಆ ಲೆಕ್ಕ ತೋರಿಸಿತು. ಆಗ ಅದು ವಿದ್ವಾಂಸರ ಕುತೂಹಲವಾಗಿತ್ತು. ಇಂದು ಭೂಮಿಯ ತಾಪ ಏರಿ ಗ್ರೀನ್‌ಲೆಂಡಿನ ಹಿಮರಾಶಿ ಕರಗಿ ಅದೇ ಕಡಲುಗಳಿಗೆ ಸಿಹಿನೀರನ್ನು ಸುರಿಸುತ್ತಿರುವುದರಿಂದ, ಅದು ಲೋಕದ ಚಿಂತೆಯಾಗಿದೆ.

ಈ ಚಿಂತೆಯಿಂದಲೇ 2004ರಲ್ಲಿ, ಎಲ್ಲಿಸ್ ಬಕೀಟು ಇಳಿಸಿದ ಅಕ್ಷಾಂಶಕ್ಕೆ ತೀರ ಸಮೀಪವಾದ 26.5 ಡಿಗ್ರಿಯ ರೇಖೆಯಗುಂಟ, ಅಟ್ಲಾಂಟಿಕ್ಕಿನ ಒಂದು ದಡದಿಂದ ಇನ್ನೊಂದು ದಡದವರೆಗೆ ಮಾಪಕಗಳನ್ನು ನೆಡಲಾಯಿತು. ಅವು ಅಳೆದಂತೆ, ಸೆಕೆಂಡಿಗೆ ಸರಾಸರಿ ಸುಮಾರು 1 ಕೋಟಿ 70 ಲಕ್ಷ ಘನಮೀಟರ್ ನೀರು ಮೇಲೆ ಉತ್ತರಕ್ಕೂ ಆಳದಲ್ಲಿ ದಕ್ಷಿಣಕ್ಕೂ ಸಾಗುತ್ತದೆ. ಪ್ರಪಂಚದ ನದಿಗಳೆಲ್ಲ ಕೂಡಿದರೂ ಇದರ ಹತ್ತನೆಯ ಒಂದು ಪಾಲಿಗೆ ಸಮವಾಗಲಾರವು!

ಈ ಶತಮಾನದಲ್ಲಿ ಪ್ರವಾಹ ಕುಂಠಿತವಾಗುವುದು ಬಹುಮಟ್ಟಿಗೆ ನಿಶ್ಚಯ. 2100ಕ್ಕೆ ಮೊದಲು ಥಟ್ಟನೆ ನಿಲ್ಲುವ ಸಂಭವ ಮಾತ್ರ ಕಡಿಮೆ, ಆದರೆ ಅದನ್ನು ಪೂರ್ಣ ಭರವಸೆಯಿಂದ ಹೇಳಲಾಗದು ಎಂದು ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರಕಾರಿ ಮಂಡಲಿ 2021ರಲ್ಲಿ ಅಭಿಪ್ರಾಯಪಟ್ಟಿತು. ನಿಂತುದೇ ಆದರೆ ಉಷ್ಣವಲಯದ ಮಳೆಯ ಪಟ್ಟಿ ದಕ್ಷಿಣಕ್ಕೆ ಸರಿದು, ಆಫ್ರಿಕ ಮತ್ತು ಏಷ್ಯಗಳ ಮುಂಗಾರು ಸೊರಗಬಹುದೆಂದೂ ಅದೇ ಮಂಡಲಿ ಎಚ್ಚರಿಸಿದೆ.

ಗ್ರೀನ್‌ಲೆಂಡಿನ ಬಳಿ ಮುಳುಗುವ ನೀರನ್ನು ಮಲೆನಾಡಿನ ರೈತ ಕಂಡವನಲ್ಲ, ಕಾಣಬೇಕಾದುದೂ ಇಲ್ಲ. ಆದರೆ ಅವನ ಗದ್ದೆಗೆ ಬೀಳುವ ಮಳೆಯ ಲೆಕ್ಕದಲ್ಲಿ, ಆ ದೂರದ ಕಡಲಿನ ನೀರಿಗೆ ಬೆರೆತಿರುವ ಉಪ್ಪಿನ ಪಾಲೂ ಸೇರಿದೆ.