ಕೈಗವಸಿನ ಹೆಣಿಗೆ

ಹಾಸನ ಸೀಮೆಯಲ್ಲಿ ಮಾರ್ಗಶಿರ, ಪುಷ್ಯ ಮಾಸಗಳ ಚಳಿಯು ದುಡಿಯುವವರಿಗೆ ಮೊದಲು ತಟ್ಟುವುದು ಬೆರಳುಗಳಲ್ಲಿ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಈ ಬಯಲಿನಲ್ಲಿ ನೀರು ಹೆಪ್ಪುಗಟ್ಟುವಂಥ ಶೀತವಿಲ್ಲವೆಂಬುದು ದಿಟ. ಆದರೆ ಇಬ್ಬನಿಯಲ್ಲಿ ತೊಯ್ದ ರಾಗಿಯ ಪೈರಿಗೆ ನಸುಕಿನಲ್ಲಿಯೇ ಕುಡುಗೋಲು ಹಾಕುವವರ, ಹಾಲಿನ ಕ್ಯಾನನ್ನು ಹಿಡಿದು ಡೈರಿಗೆ ನಡೆಯುವ ಹೆಣ್ಣುಮಕ್ಕಳ ಕೈಗಳು ಜೋಮು ಹಿಡಿಯುವುದಕ್ಕೆ ಅಷ್ಟು ಶೀತವೇನೂ ಬೇಕಿಲ್ಲ. ಜಿನನಾಥಪುರದ ಸುತ್ತಿನ ಹೊಲಗಳಲ್ಲಿ ಇದು ವರ್ಷವರ್ಷದ ಮಾತು.

ಇಂಥ ಚಳಿಗೆ ಕನ್ನಡನಾಡು ಕಂಡುಕೊಂಡ ಉತ್ತರ ಕಂಬಳಿ. ಕುರಿಯ ತುಪ್ಪಟವನ್ನು ಕತ್ತರಿಸಿ, ಹಿಂಜಿ, ನೂತು, ಹಾಸುನೂಲಿಗೆ ಹುಣಿಸೆಬೀಜದ ಗಂಜಿಯನ್ನು ಉಣಿಸಿ ಕುರುಬರು ನೇಯ್ದ ಕಂಬಳಿಯು ಮಳೆಗೆ ಕೊಪ್ಪೆಯಾಯಿತು, ಚಳಿಗೆ ಹೊದಿಕೆಯಾಯಿತು, ಶುಭಕಾರ್ಯಗಳಲ್ಲಿ ಗದ್ದಿಗೆಯೂ ಆಯಿತು. ಆದರೂ ಅದು ಮೈಯನ್ನು ಕಾಯಿತೇ ಹೊರತು ದುಡಿಯುವ ಕೈಯನ್ನು ಕಾಯಲಿಲ್ಲ. ಕಂಬಳಿಯೊಳಗೆ ಬೆಚ್ಚಗಿದ್ದ ಕೈ ಕೆಲಸಕ್ಕೆಂದು ಹೊರಬಂದೊಡನೆ ಬರಿಗೈ. ಜಿನನಾಥಪುರದ ಶಾಂತಿನಾಥ ಬಸದಿಯ ಹೊರಗೋಡೆಯ ಮೇಲೆ ಹೊಯ್ಸಳರ ಕಾಲದ ಶಿಲ್ಪಿಯು ನರ್ತಕಿಯರಿಗೂ ವಾದ್ಯಗಾರರಿಗೂ ಕಡಗ ಬಳೆಗಳನ್ನು ಧಾರಾಳವಾಗಿ ತೊಡಿಸಿದ್ದಾನೆ. ಅಲಂಕಾರದ ವಿಷಯದಲ್ಲಿ ಕೈಯನ್ನು ಈ ನಾಡು ಎಂದೂ ಮರೆತದ್ದಲ್ಲ!

ನೇಯ್ಗೆ ಬೇರೆ, ಹೆಣಿಗೆ ಬೇರೆ. ನೇಯ್ಗೆಗೆ ಹಾಸು ಹೊಕ್ಕುಗಳೆಂಬ ಎರಡು ನೂಲುಗಳೂ ಮಗ್ಗವೂ ಬೇಕು. ಹೆಣಿಗೆಗೆ ಒಂದೇ ನೂಲು ಸಾಕು; ಕಡ್ಡಿಯಿಂದ ಒಂದು ಕುಣಿಕೆಯೊಳಗಿಂದ ಮತ್ತೊಂದನ್ನು ಎಳೆಯುತ್ತ ಹೋದಂತೆ ಬಟ್ಟೆ ಬೆಳೆಯುತ್ತದೆ. ಕುಣಿಕೆಗಳು ಹಿಗ್ಗಿ ಕುಗ್ಗುವುದರಿಂದ ಹೆಣೆದ ಗವಸು ಕೈಯ ಆಕಾರವನ್ನು ಅನುಸರಿಸುತ್ತದೆ. ನೇಯ್ದ ಕಂಬಳಿಗೆ ಆ ಗುಣವಿಲ್ಲ. ಕಡ್ಡಿಯ ಹೆಣಿಗೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನ್ ಶಾಲೆಗಳ ಮೂಲಕ ಹೆಣ್ಣುಮಕ್ಕಳ ಪಾಠಗಳಲ್ಲಿ ಸೇರಿತು. 1962ರಲ್ಲಿ ಹಿಮಾಲಯದ ಗಡಿಯಲ್ಲಿ ಚೀನದೊಡನೆ ಯುದ್ಧವಾದಾಗ ಯೋಧರಿಗೆ ಚಳಿಯುಡುಪಿನ ಕೊರತೆಯೆಂದು ತಿಳಿದು ದೇಶದ ನಾನಾ ಭಾಗಗಳ ಮಹಿಳೆಯರು ಮನೆಮನೆಯಲ್ಲಿ ಕುಳಿತು ಉಣ್ಣೆಯುಡುಪುಗಳನ್ನು ಹೆಣೆದರು. ಆ ಹೆಣಿಗೆಗೆ ಒಂದು ಗುರಿಯಿತ್ತು.

ಶಾಲೆಗಳ ಹೆಣಿಗೆಗೆ ಆ ಗುರಿ ತಪ್ಪಿರುವುದು ವಿಷಾದದ ಸಂಗತಿ. ವಸ್ತುಪ್ರದರ್ಶನಗಳಲ್ಲಿ ಕಾಣುವುದು ಬಾಗಿಲಿನ ತೋರಣ, ಮೇಜಿನ ಹೊದಿಕೆ, ಗಿಳಿ, ಗುಲಾಬಿ. ಅತಿಥಿಗಳ ಮೆಚ್ಚುಗೆಯನ್ನು ಪಡೆದು ಅವು ಬೀರುವನ್ನು ಸೇರುತ್ತವೆ. ಉಪಯುಕ್ತ ಕಸುಬಿನ ಮೂಲಕವೇ ವಿದ್ಯೆ ನಡೆಯಬೇಕೆಂದು 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಹೇಳಿದ್ದು ತೋರಣಕ್ಕಾಗಿ ಅಲ್ಲ. ಗಂಡುಮಕ್ಕಳನ್ನು ಈ ಪಾಠದಿಂದ ಹೊರಗಿಟ್ಟಿರುವುದಕ್ಕಂತೂ ಕಾರಣವೇ ಇಲ್ಲ. ಕಂಬಳಿ ನೇಯ್ದವರಲ್ಲಿ ಗಂಡಸರೂ ಇದ್ದರಷ್ಟೆ.

ನಾಲ್ಕು ಬೆರಳಿಗೂ ಒಂದೇ ಮನೆ, ಹೆಬ್ಬೆರಳಿಗೆ ಬೇರೆ ಮನೆ ಇರುವ ಗವಸಿನಲ್ಲಿ ಬೆರಳುಗಳು ಒಂದರ ಕಾವನ್ನು ಇನ್ನೊಂದು ಹಂಚಿಕೊಳ್ಳುತ್ತವೆ. ಬೆರಳಿಗೊಂದು ಮನೆಯುಳ್ಳ ಗವಸಿಗಿಂತ ಅದು ಬೆಚ್ಚಗೆ. ದೂರದಿಂದ ನಡೆದು ಬರುವ ಮಕ್ಕಳಿಗೆ ಅದು ಸರಿ. ಕುಡುಗೋಲು ಹಿಡಿಯುವವರಿಗೆ ಬೆರಳ ತುದಿಗಳು ತೆರೆದಿರಬೇಕು. ಎರಡು ಕಡ್ಡಿಗಳಲ್ಲಿ ಚೌಕವಾಗಿ ಹೆಣೆದು, ಅಂಚುಗಳನ್ನು ಸೇರಿಸಿ ಹೊಲಿದು, ಹೆಬ್ಬೆರಳಿಗೆ ಕಿಂಡಿ ಬಿಟ್ಟರೆ ಅಂಥ ಗವಸು ಸಿದ್ಧ. ಏಳನೆಯ ತರಗತಿಯ ಬಾಲಕನಿಗೂ ಅದು ಅಸಾಧ್ಯವಲ್ಲ.

ಅಂಗಡಿಯಲ್ಲಿ ಅಗ್ಗದ ಗವಸು ಸಿಗುವಾಗ ಈ ಶ್ರಮವೇಕೆಂದು ಕೆಲವರು ಕೇಳಬಹುದು. ಅಗ್ಗದ ಗವಸು ಹೆಚ್ಚಾಗಿ ಅಕ್ರಿಲಿಕ್ ನೂಲಿನದು; ಇಬ್ಬನಿಯಲ್ಲಿ ನೆನೆದಾಗ ಅದರ ಬೆಚ್ಚನೆ ಕುಗ್ಗುತ್ತದೆ. ಉಣ್ಣೆಯು ತನ್ನ ತೂಕದ ನೂರಕ್ಕೆ ಸುಮಾರು 30 ಪಾಲು ತೇವವನ್ನು ಹೀರಿಕೊಂಡೂ ಕಾವನ್ನು ಉಳಿಸಿಕೊಳ್ಳುತ್ತದೆ. ಹಾಸನದ ಹೆಸರನ್ನೇ ಹೊತ್ತ ಕುರಿಯ ತಳಿಯೊಂದಿದೆ. ಅದರ ಉಣ್ಣೆ ಬಹಳ ಒರಟು, ಚರ್ಮಕ್ಕೆ ಚುಚ್ಚುವಂಥದು ಎಂಬುದು ಸುಳ್ಳಲ್ಲ. ಅದಕ್ಕೆ ಹಳೆಯ ಮೆತ್ತನೆಯ ಹತ್ತಿಬಟ್ಟೆಯ ಒಳಪದರ ಹಾಕಿದರಾಯಿತು. ಕಂಬಳಿಯ ಬೇಡಿಕೆ ಕುಗ್ಗಿ ಬೆಲೆಯಿಲ್ಲದಂತಾಗಿರುವ ಈ ಉಣ್ಣೆಯ ನೂಲನ್ನು ನೂಲುವವರಿಂದಲೇ ಶಾಲೆಗೆ ಕೊಂಡು ತರಿಸುವುದು ದಾನಿಗಳಿಗೆ ದೊಡ್ಡ ಹೊರೆಯಲ್ಲ.

ಇನ್ನು ಉಳಿದದ್ದು ಅಂಕಗಳ ವಿಚಾರ. ಹೆಣೆದ ಗವಸುಗಳನ್ನು ಮೇಜಿನ ಮೇಲೆ ಹರಡಿ ಪರೀಕ್ಷಿಸುವ ಬದಲು ಒಂದು ಕೊಯ್ಲಿನ ಕಾಲ ಹೊಲಗಳಿಗೆ ಕೊಟ್ಟು, ಹಿಂದಕ್ಕೆ ತರಿಸಿ, ಎಲ್ಲಿ ಸವೆದಿದೆ, ಎಲ್ಲಿ ಕುಣಿಕೆ ಬಿಚ್ಚಿದೆ ಎಂಬುದನ್ನು ನೋಡಿ ಶಿಕ್ಷಕರು ಅಂಕ ಹಾಕಲಿ.