ಮಗು ಆಡಲಿ ಬಿಡಿ, ಮನಸ್ಸು ಬಿಚ್ಚಲಿ

ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಗೆ ಹೋದರೆ ಬಾಯೇ ಬಿಡೋದಿಲ್ಲ. ಅಥವಾ ಇದ್ದಕ್ಕಿದ್ದಂತೆ ಪಕ್ಕದವರಿಗೆ ಹೊಡೆಯೋದು, ಬೆಳಿಗ್ಗೆ ಯೂನಿಫಾರ್ಮ್ ಹಾಕುವಾಗಲೇ ಹೊಟ್ಟೆನೋವು ಅನ್ನೋದು. ಡೈರಿಯಲ್ಲಿ ಟೀಚರ್ ನೋಟು ಬರೆದು ಕಳಿಸುತ್ತಾರೆ. ‘ಏನಾಯ್ತು ಪುಟ್ಟಾ, ಹೇಳು’ ಅಂತ ನೀವು ಎಷ್ಟು ಪುಸಲಾಯಿಸಿದರೂ ಬರುವ ಉತ್ತರ ಒಂದೇ, ‘ಏನಿಲ್ಲ’. ಕೊನೆಗೆ ಶಾಲೆಯವರು ‘ಪ್ಲೇ ಥೆರಪಿ ಕೊಡಿಸೋಣ’ ಎಂದರೆ ನಿಮಗೆ ಗಾಬರಿ. ಆಟ ಆಡಿಸೋಕೂ ಚಿಕಿತ್ಸೆ ಅನ್ನಬೇಕಾ?

ಗಾಬರಿ ಬೇಡ. ಆದರೆ ವಿಷಯ ಏನು ಅಂತ ತಿಳಿದುಕೊಂಡೇ ಒಪ್ಪಿಕೊಳ್ಳಿ.

ಈಗ ಯಾಕೆ ಈ ಮಾತು?

ವಿಶಾಖಪಟ್ಟಣದಲ್ಲಿ ನೀಟ್ ತಯಾರಿಯಲ್ಲಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ನೀಡಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನಾದರೂ ನೇಮಿಸಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಒಳ್ಳೆಯದೇ. ಆದರೆ ಇಲ್ಲೊಂದು ತೊಡಕಿದೆ. ನಮ್ಮ ಚರ್ಚೆಯೆಲ್ಲ ಪರೀಕ್ಷೆ ಬರೆಯುವ ದೊಡ್ಡ ಮಕ್ಕಳದ್ದು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲೂ ಮಾನಸಿಕ ತೊಂದರೆ ಶೇ 7.3 ಎಂಬ ಲೆಕ್ಕ 13ರಿಂದ 17 ವರ್ಷದವರದ್ದು. ಒಂದನೇ ಕ್ಲಾಸಿನ ಮಗುವನ್ನು ಕುರ್ಚಿ ಮೇಲೆ ಕೂರಿಸಿ ‘ನಿನ್ನ ಸಮಸ್ಯೆ ಏನು’ ಅಂದರೆ ಅದು ಏನು ಹೇಳೀತು? ಹೇಳೋಕೆ ಪದಗಳೇ ಇರೋದಿಲ್ಲ. ಪ್ಲೇ ಥೆರಪಿ ಬೇಕಾಗೋದು ಅಲ್ಲಿಯೇ.

ಅಲ್ಲಿ ಏನು ನಡೆಯುತ್ತೆ?

ಇದು ಹೊಸದೇನಲ್ಲ. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲೇ ಇದರ ಬಗ್ಗೆ ಪುಸ್ತಕ ಬರೆದರು. ಸಾಮಾನ್ಯವಾಗಿ ವಾರಕ್ಕೊಮ್ಮೆ, ಅದೇ ಕೋಣೆ, ಅದೇ ಹೊತ್ತು. ಗೊಂಬೆ, ಜೇಡಿಮಣ್ಣು, ಮರಳಿನ ತಟ್ಟೆ, ಬಣ್ಣ, ಅಡುಗೆ ಸಾಮಾನು ಇರುತ್ತವೆ. ಏನು ಆಡಬೇಕು ಅನ್ನೋದು ಮಗುವಿನ ಇಷ್ಟ. ಥೆರಪಿಸ್ಟ್ ಪಾಠ ಹೇಳೋದಿಲ್ಲ, ಬೈಯೋದಿಲ್ಲ. ಮಗು ಗೊಂಬೆಯನ್ನು ಮೂಲೆಗೆ ಎಸೆದರೆ ‘ಈ ಗೊಂಬೆ ಮೇಲೆ ತುಂಬಾ ಕೋಪ ಬಂದಿದೆ’ ಅಂತ ಆ ಭಾವನೆಗೊಂದು ಹೆಸರು ಕೊಡುತ್ತಾರೆ. ತನಗೆ ಅಥವಾ ಇನ್ನೊಬ್ಬರಿಗೆ ನೋವು ಮಾಡಬಾರದು ಎಂಬ ಗೆರೆ ಮಾತ್ರ ಇರುತ್ತೆ.

ಪಿ.ಟಿ. ಪೀರಿಯಡ್ ಬೇರೆ, ಇದು ಬೇರೆ. ಆಡುತ್ತಾ ಕಲಿಸುವ ನಲಿ-ಕಲಿಯೂ ಕಲಿಕೆಯ ವಿಧಾನವೇ ಹೊರತು ಚಿಕಿತ್ಸೆಯಲ್ಲ.

ಒಪ್ಪುವ ಮುನ್ನ ಕೇಳಿ

* ನಡೆಸುವವರ ಓದು, ತರಬೇತಿ ಏನು? ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಲೇಬೇಕು. ಬಿಡುವಿರುವ ಟೀಚರಿಗೆ ಆಟಿಕೆ ಡಬ್ಬ ಕೊಟ್ಟರೆ ಥೆರಪಿ ಆಗೋದಿಲ್ಲ.
* ಫೀಸು ಎಷ್ಟು, ಎಷ್ಟು ವಾರ? ಎರಡೇ ದಿನದಲ್ಲಿ ಸರಿ ಮಾಡ್ತೀವಿ ಅನ್ನುವವರನ್ನು ನಂಬಬೇಡಿ.
* ಕೋಣೆಯಲ್ಲಿ ನಡೆದದ್ದು ಸ್ಟಾಫ್ ರೂಮಿನ ಹರಟೆಯಾಗದಂತೆ ಏನು ಏರ್ಪಾಡು? ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮಾತ್ರ ಗುಟ್ಟು ಅನ್ನುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡಲೇಬೇಕು.
* ಓದು-ಬರಹದಲ್ಲಿ ಹಿಂದೆ ಬಿದ್ದಿದ್ದರೆ, ಮಾತು ತಡವಾಗಿದ್ದರೆ ಮೊದಲು ಪರೀಕ್ಷೆ ಮಾಡಿಸಿ. ಅದಕ್ಕೆ ಬೇರೆ ನೆರವು ಬೇಕು.

ನಿಮ್ಮ ಪಾಲು

ಕೋಣೆಯಿಂದ ಬಂದ ಕೂಡಲೇ ‘ಏನು ಹೇಳಿದೆ, ಏನು ಆಡಿದೆ’ ಅಂತ ಕೆದಕಬೇಡಿ. ಕಸಿನ್‌ಗಳ ಎದುರು ‘ಇವನಿಗೆ ಥೆರಪಿ ನಡೀತಿದೆ’ ಅನ್ನಬೇಡಿ. ಮನೆಯಲ್ಲಿ ಹೊಸ ಪಾಪು ಬಂದದ್ದು, ಅಜ್ಜಿ ತೀರಿಕೊಂಡದ್ದು, ನೀವಿಬ್ಬರೂ ಜಗಳವಾಡಿದ್ದು, ಏನೇ ಇದ್ದರೂ ಥೆರಪಿಸ್ಟ್ ಹತ್ತಿರ ಮುಚ್ಚಿಡಬೇಡಿ. ದಿನಕ್ಕೆ ಅರ್ಧ ಗಂಟೆ ಮೊಬೈಲ್ ಪಕ್ಕಕ್ಕಿಟ್ಟು ಮಗು ಹೇಳಿದ ಆಟವನ್ನೇ ನೀವೂ ಆಡಿ.

ಶಾಲೆಯಲ್ಲಿ ಸೌಲಭ್ಯ ಇಲ್ಲವೇ? ಸರ್ಕಾರದ ಟೆಲಿ-ಮಾನಸ್ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಎಲ್ಲಿ ಹೋಗಬೇಕೆಂದು ಕೇಳಬಹುದು. ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಮಾರ್ಕ್ಸ್ ಕಾರ್ಡ್‌ಗೆ ಸಹಿ ಹಾಕಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ ಬನ್ನಿ: ‘ನಮ್ಮ ಶಾಲೆಯ ಕೌನ್ಸೆಲರ್ ಯಾರು? ಚಿಕ್ಕ ಮಕ್ಕಳಿಗೆ ಏನು ವ್ಯವಸ್ಥೆ ಇದೆ?’